ಬಣ್ಣ ಕೊನೆಗೆ, ಸಂದು ಮೊದಲು

ಹಳೇ ಮನೆ ಕೆಡವುವಾಗ, ಅಣ್ಣತಮ್ಮಂದಿರು ಪಾಲಾಗುವಾಗ, ಊರಮನೆಗೆ ಬೀಗ ಜಡಿದು ಪಟ್ಟಣ ಸೇರುವಾಗ ಮೊದಲು ಗುಜರಿಗೆ ಹೋಗುವುದು ಮರದ ಸಾಮಾನು. ಬೆತ್ತ ಹರಿದ ಕುರ್ಚಿ, ಕಾಲು ಅಲ್ಲಾಡುವ ಮೇಜು, ಕದ ಕಳಚಿದ ಬೀರು, ಜೊತೆಗೊಂದು ತುಕ್ಕು ಹಿಡಿದ ಟ್ರಂಕು. ತೇಗವೋ ಹಲಸೋ ಎಂದು ಯಾರೂ ತಿರುಗಿಸಿ ನೋಡುವುದಿಲ್ಲ. ಸೌದೆಯ ದರಕ್ಕೆ ಗಾಡಿ ಏರುತ್ತದೆ. ಅದೇ ತಿಂಗಳು ಅದೇ ಮನೆಯವರು ಕಂತಿನಲ್ಲಿ ಹೊಸ ಟೀಪಾಯಿ ತರುತ್ತಾರೆ. ಮರದ ಚೂರನ್ನು ಅಂಟಿನೊಂದಿಗೆ ಒತ್ತಿ, ಮೇಲೆ ಮರದ ಗೆರೆ ಅಚ್ಚಾದ ಕಾಗದ ಮೆತ್ತಿದ ಹಲಗೆ ಅದು. ನೆಲ ಒರೆಸುವ ನೀರು ಮತ್ತೆ ಮತ್ತೆ ತಗುಲಿದರೆ ಕಾಲಿನ ಬುಡ ಉಬ್ಬಿ ಪುಡಿಯಾಗಲು ಶುರುವಾಗುತ್ತದೆ.

ಕಡಿಮೆ ಖರ್ಚಿನಲ್ಲಿ ಮನೆ ಚಂದ ಮಾಡುವ ಬಗ್ಗೆ ಸಿಗುವ ಸಲಹೆಗಳಲ್ಲಿ ಬಹುಪಾಲು ಬಣ್ಣದ ಡಬ್ಬಿಯಿಂದ ಆರಂಭವಾಗುತ್ತವೆ. ಅಲ್ಲಾಡುವ ಕುರ್ಚಿಗೆ ಎಷ್ಟು ಒಳ್ಳೆಯ ಬಣ್ಣ ಬಳಿದರೂ ಅದರಲ್ಲಿ ಯಾರೂ ನೆಮ್ಮದಿಯಾಗಿ ಕೂರುವುದಿಲ್ಲ. ಸ್ವಲ್ಪ ದಿನಕ್ಕೆ ಅದು ಮತ್ತೆ ಅಟ್ಟ ಸೇರುತ್ತದೆ, ಬಣ್ಣದ ದುಡ್ಡೂ ಹೋಗುತ್ತದೆ. ಮೊದಲು ಮರ ಯಾವುದೆಂದು ನೋಡಬೇಕು, ಆಮೇಲೆ ಸಂದುಗಳನ್ನು ಬಿಗಿ ಮಾಡಬೇಕು, ಆಮೇಲೆ ಕೂರುವ ಜಾಗ, ಎಲ್ಲ ಆದ ಮೇಲೆ ಪಾಲಿಶ್. ದುಡ್ಡು ಉಳಿಯುವುದೂ ಈ ಕ್ರಮದಲ್ಲೇ. ನಮ್ಮ ಕಡೆ ಬಹಳಷ್ಟು ಮನೆಗಳ ಅಟ್ಟದಲ್ಲಿ ಇಂದಿಗೂ ಸಿಗುವ ಒಂದು ಬೆತ್ತದ ಕುರ್ಚಿಯನ್ನು ಮುಂದಿಟ್ಟುಕೊಂಡು ಈ ಕೆಲಸ ಹೇಗೆ ನಡೆಯುತ್ತದೆಂದು ನೋಡೋಣ. ಕುರ್ಚಿಯ ಕೆಲಸ ಬಂದವರಿಗೆ ಮೇಜು, ಮಂಚ, ಸ್ಟೂಲು ಕಷ್ಟವಲ್ಲ.

ತಿರುಗಿಸಿ ನೋಡಿ

ಸಾಮಾನಿನ ನಿಜ ಗೊತ್ತಾಗುವುದು ಅದರ ಅಡಿಭಾಗದಲ್ಲಿ. ಮೇಲೆ ಎಷ್ಟು ಪದರ ಬಣ್ಣವಿದ್ದರೂ ಕೆಳಗೆ ಬಡಗಿ ಬಣ್ಣ ಹಚ್ಚಿರುವುದಿಲ್ಲ. ಕುರ್ಚಿಯನ್ನು ಬೋರಲು ಹಾಕಿ, ಕಾಣದ ಕಡೆ ಚಾಕುವಿನಿಂದ ಚೂರು ಕೆರೆಯಿರಿ. ತೇಗವಾದರೆ ಬಂಗಾರದ ಛಾಯೆಯ ಕಂದು ಕಾಣುತ್ತದೆ, ಬೆರಳಿಗೆ ಸ್ವಲ್ಪ ಎಣ್ಣೆಜಿಡ್ಡು ಹತ್ತಿದ ಹಾಗಿರುತ್ತದೆ, ಚರ್ಮದಂಥ ವಾಸನೆ ಬರುತ್ತದೆ. ಹಲಸು ಕೆರೆದ ಕಡೆ ಹಳದಿ. ಬೆಳಕಿಗೆ ಬಿದ್ದ ಭಾಗ ವರ್ಷಗಳು ಕಳೆದಂತೆ ಕಂದಾಗಿರುತ್ತದೆ. ಬೀಟೆ ಎತ್ತುವಾಗಲೇ ತಿಳಿಯುತ್ತದೆ, ಅಷ್ಟು ಭಾರ. ಕಪ್ಪು ಗೆರೆಗಳಿರುವ ನೇರಳೆಗಂದು ಬಣ್ಣ. ಮತ್ತಿ, ಹೊನ್ನೆ, ನಂದಿ, ಬೇವು ಇವೂ ನಮ್ಮ ಹಳೇ ಸಾಮಾನಿನಲ್ಲಿ ಸಿಗುತ್ತವೆ. ಹೆಸರು ಗೊತ್ತಾಗದಿದ್ದರೆ ತೊಂದರೆಯಿಲ್ಲ. ಗಟ್ಟಿ ಮರವೋ, ಒತ್ತಿದ ಹಲಗೆಯೋ ಎಂಬುದು ಗೊತ್ತಾದರೆ ಸಾಕು. ಅಂಚಿನಲ್ಲಿ ತೆಳು ಪದರಗಳು ಒಂದರ ಮೇಲೊಂದು ಕಂಡರೆ ಪ್ಲೈವುಡ್. ಸ್ಕ್ರೂ ತೂತಿನಿಂದ ರವೆಯಂತೆ ಚೂರು ಉದುರಿದರೆ ಪಾರ್ಟಿಕಲ್ ಬೋರ್ಡ್. ಪ್ಲೈವುಡ್ ರಿಪೇರಿ ಮಾಡಬಹುದು. ನೀರು ಕುಡಿದು ಉಬ್ಬಿದ ಪಾರ್ಟಿಕಲ್ ಬೋರ್ಡನ್ನು ಮೊದಲಿನ ಸ್ಥಿತಿಗೆ ತರುವ ದಾರಿಯಿಲ್ಲ. ಅದಕ್ಕೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ ಎಂದೇ ನಾನು ಹೇಳುತ್ತೇನೆ.

ಇನ್ನೊಂದು ತಪಾಸಣೆ ಹುಳುವಿನದು. ಗುಂಡುಸೂಜಿ ಗಾತ್ರದ ತೂತುಗಳಿದ್ದರೆ ಕುಟ್ಟೆ ಹುಳು ತಿಂದ ಗುರುತು. ತೂತಿದ್ದ ಮಾತ್ರಕ್ಕೆ ಹುಳು ಈಗಲೂ ಇದೆ ಎಂದಲ್ಲ. ಹುಳು ಹೊರಬಿದ್ದು ಎಷ್ಟೋ ವರ್ಷವಾಗಿರಬಹುದು. ಕುರ್ಚಿಯನ್ನು ಚೆನ್ನಾಗಿ ಕೊಡವಿ, ಕೆಳಗೆ ಕಪ್ಪು ಕಾಗದ ಹಾಸಿ ಒಂದೆರಡು ವಾರ ಬಿಡಿ. ಕಾಗದದ ಮೇಲೆ ಹಿಟ್ಟಿನಂಥ ಹೊಸ ಪುಡಿ ಬಿದ್ದರೆ ಒಳಗೆ ಕೆಲಸ ನಡೆಯುತ್ತಿದೆ. ಈ ಹುಳುವಿಗೆ ಇಷ್ಟವಾಗುವುದು ಮರದ ಹೊರಗಿನ ಬಿಳಿ ಭಾಗ. ತೇಗದ ಕೆಚ್ಚನ್ನು ಅದು ಸುಲಭಕ್ಕೆ ಮುಟ್ಟುವುದಿಲ್ಲ. ಹಾಗಾಗಿ ತೂತೆಲ್ಲ ಬಿಳಿ ಅಂಚಿನಲ್ಲೇ ಇದ್ದು, ಚಾಕು ಚುಚ್ಚಿದರೆ ಒಳಗೆ ಇಳಿಯದಿದ್ದರೆ ಕುರ್ಚಿ ಉಳಿಯುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಹುಳುನಾಶಕವನ್ನು ಸಿರಿಂಜಿನಿಂದ ಒಂದೊಂದೇ ತೂತಿಗೆ ಬಿಟ್ಟು, ಒಣಗಿದ ಮೇಲೆ ಮೇಣದಿಂದ ಮುಚ್ಚಬೇಕು. ಕೈಗವಸು ಹಾಕಿಕೊಂಡು, ಬಯಲಲ್ಲಿ ಮಾಡುವ ಕೆಲಸವಿದು. ಸೀಮೆಎಣ್ಣೆ ಬಿಡುವ ರೂಢಿ ಇದೆ. ಅದು ಆರಿಹೋಗುತ್ತದೆ, ಬೆಂಕಿಯ ಭಯ ಬೇರೆ. ಗೆದ್ದಲು ಬೇರೆಯೇ ಪಾಡು. ಮೇಲೆ ಮಣ್ಣಿನ ಗೆರೆ ಎದ್ದಿದ್ದು, ತಟ್ಟಿದರೆ ಟೊಳ್ಳು ಸದ್ದು ಬರುವ ಕಾಲನ್ನು ಉಳಿಸುವ ಯೋಚನೆ ಬಿಟ್ಟು, ಬಡಗಿಯಿಂದ ಹೊಸ ಕಾಲು ಮಾಡಿಸುವುದೇ ಸರಿ.

ಹಳೇ ಸಾಮಾನು ಮನೆಯಲ್ಲಿಲ್ಲದವರು ಗುಜರಿ ಅಂಗಡಿಗೆ, ಹಳೇ ಮನೆ ಕೆಡವಿ ಬಾಗಿಲು ಕಿಟಕಿ ಮಾರುವವರ ಬಳಿಗೆ ಹೋಗಬಹುದು. ಬೆಂಗಳೂರಿನಲ್ಲಾದರೆ ಅವೆನ್ಯೂ ರಸ್ತೆ, ಎಸ್‌ಜೆಪಿ ರಸ್ತೆಯ ಆಸುಪಾಸಿನ ಭಾನುವಾರದ ಬಜಾರೂ ಇದೆ. ಕೊಳ್ಳುವ ಮುಂಚೆ ಬೆನ್ನು ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ ನೋಡಿ. ಅಲ್ಲಾಡಿದರೆ ಹೆದರಬೇಡಿ, ಬೆಲೆ ಇಳಿಸಿ ಕೇಳಲು ಅದೇ ಕಾರಣವಾಗುತ್ತದೆ. ಮರ ಉದ್ದಕ್ಕೆ ಸೀಳಿದ್ದರೆ ಮಾತ್ರ ಯೋಚಿಸಿ.

ಕುರ್ಚಿ ಯಾಕೆ ಅಲ್ಲಾಡುತ್ತದೆ

ಮರ ಕಡಿದು ನೂರು ವರ್ಷವಾದರೂ ಗಾಳಿಯ ತೇವ ಹೀರುತ್ತಲೇ, ಬಿಡುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಈ ಹಿಗ್ಗು ಕುಗ್ಗು ಬಹುಮಟ್ಟಿಗೆ ಅಗಲದ ಕಡೆಗೆ. ಎಳೆಯ ಉದ್ದಕ್ಕೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಕುರ್ಚಿಯ ಕಾಲಿಗೆ ಅಡ್ಡಪಟ್ಟಿ ಸೇರುವ ಕಡೆ ಪಟ್ಟಿಯ ತುದಿಯ ನಾಲಗೆ ಕಾಲಿನ ತೂತಿನೊಳಗೆ ಕೂತಿರುತ್ತದೆ. ಒಂದರ ಎಳೆ ಅಡ್ಡ, ಇನ್ನೊಂದರ ಎಳೆ ಉದ್ದ. ಎರಡೂ ಒಂದೇ ದಿಕ್ಕಿಗೆ ಹಿಗ್ಗುವುದಿಲ್ಲ. ವರ್ಷ ವರ್ಷವೂ ಒಂದನ್ನೊಂದು ಅಮುಕಿ, ನಾಲಗೆ ಸ್ವಲ್ಪ ಸ್ವಲ್ಪವೇ ಸಣ್ಣದಾಗುತ್ತದೆ. ಅಂಟು ಹಳತಾಗಿ ಪುಡಿಯಾಗುತ್ತದೆ. ಮಲೆನಾಡಿನ ಮನೆಯಿಂದ ರಾಯಚೂರಿನ ಒಣ ಸೆಕೆಗೆ ಬಂದ ಮೇಜು ಸೀಳು ಬಿಡುವುದಕ್ಕೂ ಇದೇ ಕಾರಣ.

ಇದಕ್ಕೆ ಮನೆಮನೆಯಲ್ಲೂ ಮಾಡುವ ಉಪಾಯವೆಂದರೆ ಒಂದು ಮೊಳೆ ಹೊಡೆಯುವುದು. ಮೊಳೆ ಎರಡು ತಿಂಗಳು ಹಿಡಿಯುತ್ತದೆ, ಆಮೇಲೆ ನಾಲಗೆಯನ್ನೇ ಸೀಳುತ್ತದೆ. ಆಮೇಲೆ ಬಂದ ಬಡಗಿಗೂ ಕೆಲಸ ಕಷ್ಟ. ಹಳೇ ಕುರ್ಚಿಯನ್ನು ಕೊಲ್ಲುವುದರಲ್ಲಿ ಹುಳುವಿಗಿಂತ ಮೊಳೆಯ ಪಾಲು ದೊಡ್ಡದು ಎಂಬುದು ನನ್ನ ಅನಿಸಿಕೆ.

ಸರಿಯಾದ ದಾರಿ ಎಂದರೆ ಸಂದನ್ನು ಪೂರ್ತಿ ಬಿಚ್ಚುವುದು. ಬಿಚ್ಚುವ ಮುಂಚೆ ಪ್ರತಿ ಸಂದಿನ ಎರಡೂ ಕಡೆ ಪೆನ್ಸಿಲಿನಿಂದ ಒಂದೇ ನಂಬರು ಬರೆಯಿರಿ. ಒಂದೇ ಥರ ಕಾಣುವ ನಾಲ್ಕು ಪಟ್ಟಿಗಳು ನಿಜಕ್ಕೂ ಒಂದೇ ಅಳತೆಯವಾಗಿರುವುದಿಲ್ಲ. ಕೈಯಲ್ಲಿ ಮಾಡಿದ ಕುರ್ಚಿಯಲ್ಲಿ ಬಡಗಿ ಒಂದೊಂದು ನಾಲಗೆಯನ್ನೂ ಅದರದೇ ತೂತಿಗೆ ಹೊಂದಿಸಿರುತ್ತಾನೆ. ಹಳೇ ಅಂಟು ಪ್ರಾಣಿಗಳ ಚರ್ಮ, ಮೂಳೆ ಕುದಿಸಿ ಮಾಡಿದ್ದಾದರೆ ಬಿಸಿ ನೀರಿಗೆ ಕರಗುತ್ತದೆ. ಬಟ್ಟೆ ಅದ್ದಿ ಸಂದಿಗೆ ಸುತ್ತಿಟ್ಟು, ಸ್ವಲ್ಪ ಹೊತ್ತು ಬಿಟ್ಟು, ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ. ಕಬ್ಬಿಣದ ಸುತ್ತಿಗೆಯೇ ಇದ್ದರೆ ನಡುವೆ ಒಂದು ಮರದ ತುಂಡು ಹಿಡಿಯಿರಿ, ಗುರುತು ಬೀಳುವುದಿಲ್ಲ. ಕೆಲವು ಸಂದಿಗೆ ಅಡ್ಡಲಾಗಿ ಬಿದಿರಿನ ಅಥವಾ ಮರದ ಸಣ್ಣ ಗೂಟ ಬಡಿದಿರುತ್ತಾರೆ. ಅದನ್ನು ನೋಡದೆ ಎಳೆದರೆ ಮರ ಮುರಿಯುತ್ತದೆ. ಗೂಟವನ್ನು ಮೊದಲು ಹೊರಗೆ ತಳ್ಳಬೇಕು.

ಬಿಚ್ಚಿದ ಮೇಲೆ ಹಳೇ ಅಂಟನ್ನು ಉಳಿಯಿಂದ ಕೆರೆದು ಬರಿಯ ಮರ ಕಾಣುವಂತೆ ಮಾಡಿ. ಈ ಹಂತವನ್ನು ಹಾರಿಸುವವರೇ ಹೆಚ್ಚು. ಫೆವಿಕಾಲ್‌ನಂಥ ಬಿಳಿ ಅಂಟು ಕೆಲಸ ಮಾಡುವುದು ಮರದ ರಂಧ್ರಗಳೊಳಗೆ ಇಳಿದು ಗಟ್ಟಿಯಾದಾಗ. ಹಳೇ ಅಂಟಿನ ಪದರ ಇದ್ದರೆ ಅದು ಇಳಿಯುವುದಿಲ್ಲ. ತೇಗಕ್ಕೆ ಇನ್ನೂ ಒಂದು ತೊಡಕಿದೆ: ಅದರದೇ ಎಣ್ಣೆ ಅಂಟನ್ನು ದೂರ ತಳ್ಳುತ್ತದೆ. ಅಂಟು ಹಚ್ಚುವ ತುಸು ಮುಂಚೆ ಬಟ್ಟೆಗೆ ಥಿನ್ನರ್ ಮುಟ್ಟಿಸಿ ಒರೆಸಿದರೆ ಚೆನ್ನಾಗಿ ಹಿಡಿಯುತ್ತದೆ.

ನಾಲಗೆ ತೂತಿನಲ್ಲಿ ಸಡಿಲವಾಗಿದ್ದರೆ ಮರದ ಪುಡಿ, ಅಂಟು ಕಲಸಿ ತುಂಬಬೇಡಿ. ಆ ಮಿಶ್ರಣಕ್ಕೆ ಭಾರ ತಡೆಯುವ ಶಕ್ತಿಯಿಲ್ಲ. ಅದೇ ಜಾತಿಯ ಮರದ ತೆಳು ಸಿಬಿರನ್ನು ನಾಲಗೆಯ ಪಕ್ಕಕ್ಕೆ ಅಂಟಿಸಿ, ಒಣಗಿದ ಮೇಲೆ ಉಜ್ಜಿ, ಕೈಯಿಂದ ಒತ್ತಿದರೆ ಬಿಗಿಯಾಗಿ ಇಳಿಯುವ ಅಳತೆಗೆ ತನ್ನಿ. ಕೊಡತಿಯಿಂದ ಹೊಡೆದು ತೂರಿಸುವಷ್ಟು ಬಿಗಿ ಬೇಡ, ತಾನಾಗಿ ಜಾರಿ ಬೀಳುವಷ್ಟು ಸಡಿಲವೂ ಬೇಡ.

ಅಂಟು ಹಚ್ಚಿ ಸೇರಿಸಿದ ಮೇಲೆ ಬಿಗಿ ಹಿಡಿಯಲು ಕ್ಲ್ಯಾಂಪ್ ಬೇಕು. ಅದಕ್ಕೆ ದುಡ್ಡು ಹಾಕಬೇಕಿಲ್ಲ. ನಾಲ್ಕು ಕಾಲನ್ನೂ ಬಳಸಿ ಸೆಣಬಿನ ಹಗ್ಗವನ್ನು ಎರಡು ಸುತ್ತು ಕಟ್ಟಿ, ಎರಡು ಎಳೆಗಳ ನಡುವೆ ಒಂದು ಕೋಲು ತೂರಿಸಿ ತಿರುವಿ. ತಿರುವಿದಷ್ಟೂ ಹಗ್ಗ ಬಿಗಿಯುತ್ತದೆ. ಮರಕ್ಕೆ ಹಗ್ಗ ಕಚ್ಚದಂತೆ ಕೆಳಗೆ ಹಳೇ ಬಟ್ಟೆ ಇಡಿ, ಕೋಲು ಬಿಚ್ಚದಂತೆ ಅಡ್ಡಪಟ್ಟಿಗೆ ಕಟ್ಟಿ. ಕುರ್ಚಿಯನ್ನು ಸಮನಾದ ನೆಲದ ಮೇಲೆ ನಿಲ್ಲಿಸಿ, ಕೂರುವ ಚೌಕಟ್ಟು ಚಚ್ಚೌಕವಾಗಿದ್ದರೆ ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪು ಹಿಡಿದು ಅಳೆಯಿರಿ. ಎರಡು ಅಳತೆ ಒಂದೇ ಬಂದರೆ ಮೂಲೆಗಳು ಸರಿಯಾಗಿವೆ. ಮುಂದೆ ಅಗಲ, ಹಿಂದೆ ಕಿರಿದಾದ ಕುರ್ಚಿಗೂ ಈ ಎರಡು ಓರೆ ಅಳತೆ ಸಮ ಬರಬೇಕು. ಹೊರಗೆ ಉಕ್ಕಿದ ಅಂಟನ್ನು ಒದ್ದೆ ಬಟ್ಟೆಯಿಂದ ಆಗಲೇ ಒರೆಸಿ. ಅಂಟು ಒಣಗಿದ ಜಾಗಕ್ಕೆ ಪಾಲಿಶ್ ಹತ್ತುವುದಿಲ್ಲ, ಬಿಳಿ ಕಲೆಯಾಗಿ ಉಳಿಯುತ್ತದೆ. ಒಂದು ಹಗಲು ಒಂದು ರಾತ್ರಿ ಅದನ್ನು ಮುಟ್ಟಬೇಡಿ. ಜಗುಲಿ, ಬಾಲ್ಕನಿಯಲ್ಲಿ ಮಳೆಗೆ ಒಡ್ಡಿಕೊಳ್ಳುವ ಸಾಮಾನಾದರೆ ಸಾಮಾನ್ಯ ಬಿಳಿ ಅಂಟು ಸಾಲದು, ನೀರು ತಡೆಯುವ ಬಗೆಯದನ್ನೇ ಕೇಳಿ ತನ್ನಿ.

ಬೆತ್ತ

ಬೆತ್ತ ಜೋತು ಬಿದ್ದಿದೆ, ಹರಿದಿಲ್ಲ ಎಂದಾದರೆ ಹೊಸ ಬೆತ್ತಕ್ಕೆ ಹೋಗುವ ಮುಂಚೆ ಒಂದು ಕೆಲಸ ಮಾಡಿ. ಕುರ್ಚಿ ಬೋರಲು ಹಾಕಿ, ಬೆತ್ತದ ಅಡಿಭಾಗಕ್ಕೆ ಬಿಸಿ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಅರ್ಧ ಗಂಟೆ ಹಾಸಿಡಿ. ಹೊಳಪಿರುವ ಮೇಲ್ಭಾಗ ನೀರು ಹೀರುವುದಿಲ್ಲ. ಒರಟಾದ ಅಡಿಭಾಗ ಹೀರುತ್ತದೆ. ಬಟ್ಟೆ ತೆಗೆದು ನೆರಳಿನಲ್ಲಿ ರಾತ್ರಿಯಿಡೀ ಒಣಗಲು ಬಿಡಿ, ಯಾರೂ ಕೂರಬಾರದು. ಒಣಗುತ್ತ ಎಳೆಗಳು ಕುಗ್ಗಿ ಬಿಗಿಯಾಗುತ್ತವೆ. ಒಂದು ಪೈಸೆ ಖರ್ಚಿಲ್ಲದ ಈ ರಿಪೇರಿ ಗೊತ್ತಿಲ್ಲದೆ ಎಷ್ಟು ಕುರ್ಚಿಗಳು ಗುಜರಿ ಸೇರಿವೆಯೋ.

ಹರಿದಿದ್ದರೆ ಚೌಕಟ್ಟು ನೋಡಿ. ಸುತ್ತಲೂ ಗಾಡಿ (ತೋಡು) ಕೊರೆದಿದ್ದರೆ ಅದು ಹೆಣೆದ ಬೆತ್ತದ ಹಾಳೆ ಕೂರಿಸುವ ಕುರ್ಚಿ. ಹಾಳೆಯನ್ನು ನೆನೆಸಿ, ಗಾಡಿಯೊಳಗೆ ಒತ್ತಿ, ಅಂಟು ಹಾಕಿ, ಮೇಲೆ ಬೆತ್ತದ ಕಡ್ಡಿ ಬಡಿದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಚೌಕಟ್ಟಿನ ಸುತ್ತ ಅರ್ಧ ಇಂಚಿಗೊಂದರಂತೆ ಸಾಲಾಗಿ ತೂತುಗಳಿದ್ದರೆ ಮಾತ್ರ ಕೈಯಲ್ಲೇ ಹೆಣೆಯಬೇಕು. ಸರ್ಕಾರಿ ಕಚೇರಿಗಳ ಬೆತ್ತದ ಕುರ್ಚಿ ಹೆಣೆಯುವುದನ್ನೇ ವೃತ್ತಿ ಮಾಡಿಕೊಂಡ ದೃಷ್ಟಿಹೀನರು ನಮ್ಮ ದೇಶದಲ್ಲಿ ತುಂಬ ಮಂದಿ ಇದ್ದಾರೆ. ಕಣ್ಣಿಗಿಂತ ಬೆರಳು ಲೆಕ್ಕ ಹಿಡಿಯುವ ಕೆಲಸ ಇದು. ಲೆಕ್ಕ ತಿಳಿದರೆ ಯಾರಿಗಾದರೂ ಬರುತ್ತದೆ.

ಬೆತ್ತದ ಎಳೆಯನ್ನು ಹೊಸೆದ ಸುರುಳಿಯಾಗಿ ಮಾರುತ್ತಾರೆ. ಬೇಕಾದಷ್ಟನ್ನು ಮಾತ್ರ ಬಿಚ್ಚಿ ಅರ್ಧ ಗಂಟೆ ನೀರಿನಲ್ಲಿ ನೆನೆಸಿ. ಗಂಟೆಗಟ್ಟಲೆ ನೆನೆದರೆ ಬಣ್ಣ ಕಂದುತ್ತದೆ. ಹೊಳಪಿನ ಮುಖ ಯಾವಾಗಲೂ ಮೇಲೆ. ಮೊದಲ ಸುತ್ತು: ಹಿಂದಿನ ಪಟ್ಟಿಯ ನಡು ತೂತಿನಿಂದ ಮುಂದಿನ ಪಟ್ಟಿಯ ನಡು ತೂತಿಗೆ ಎಳೆ ಎಳೆದು, ಕೆಳಗಿನಿಂದ ಪಕ್ಕದ ತೂತಿಗೆ ಹಾಯಿಸಿ, ಮತ್ತೆ ಹಿಂದಕ್ಕೆ. ಹೀಗೆ ಎರಡೂ ಬದಿಗೆ ತುಂಬಿಸಿ. ಎಳೆಯ ತುದಿ ಜಾರದಂತೆ ತೂತಿಗೆ ಒಂದು ಸಣ್ಣ ಮರದ ಗೂಟ ಸಿಕ್ಕಿಸಿಡಿ. ಎರಡನೇ ಸುತ್ತು ಎಡದಿಂದ ಬಲಕ್ಕೆ, ಮೊದಲ ಎಳೆಗಳ ಮೇಲೆ ಸುಮ್ಮನೆ ಹಾಯಿಸುವುದು, ಹೆಣಿಗೆ ಇನ್ನೂ ಇಲ್ಲ. ಮೂರನೆಯದು ಮತ್ತೆ ಹಿಂದಿನಿಂದ ಮುಂದಕ್ಕೆ, ಮೊದಲ ಸುತ್ತಿನ ತೂತುಗಳಲ್ಲೇ. ಆದರೆ ಎಳೆ ಮೊದಲಿನದರ ತುಸು ಬಲಕ್ಕೆ ಸರಿದು ಕೂರಬೇಕು. ನಾಲ್ಕನೆಯದರಲ್ಲಿ ಹೆಣಿಗೆ ಶುರು: ಅಡ್ಡ ಎಳೆ ಮೂರನೇ ಸುತ್ತಿನದರ ಮೇಲೆ ಹೋಗಿ, ಮೊದಲ ಸುತ್ತಿನದರ ಕೆಳಗೆ ತೂರಬೇಕು. ಇದು ಮುಗಿದಾಗ ಎರಡೆರಡು ಎಳೆಗಳ ಜೋಡಿ ಉದ್ದಕ್ಕೂ ಅಡ್ಡಕ್ಕೂ ನಿಂತು, ನಡುವೆ ಚೌಕ ಕಿಂಡಿಗಳು ಕಾಣುತ್ತವೆ. ಬೆರಳಿನಿಂದ ಜೋಡಿಗಳನ್ನು ಒತ್ತಿ ನೇರ ಮಾಡಿ, ಒದ್ದೆಯಿರುವಾಗಲೇ.

ಐದು, ಆರನೇ ಸುತ್ತು ಮೂಲೆಯಿಂದ ಮೂಲೆಗೆ ಓರೆಯಾಗಿ. ಒಂದು ಓರೆ ಎಳೆ ಉದ್ದದ ಜೋಡಿಗಳ ಮೇಲೆ, ಅಡ್ಡದ ಜೋಡಿಗಳ ಕೆಳಗೆ ಹೋದರೆ, ಎದುರು ದಿಕ್ಕಿನ ಎಳೆ ಇದಕ್ಕೆ ತದ್ವಿರುದ್ಧ. ಸರಿಯಾಗಿ ಹೋಗುತ್ತಿದೆಯೇ ಎಂದು ತಿಳಿಯಲು ಪುಸ್ತಕ ನೋಡಬೇಕಿಲ್ಲ. ಸರಿಯಾದ ದಾರಿಯಲ್ಲಿ ಓರೆ ಎಳೆ ಜೋಡಿಗಳ ಸಂದಿಯೊಳಗೆ ಜಾರಿ ಕೂರುತ್ತದೆ, ಎಳೆದಾಗ ಸಲೀಸಾಗಿ ಓಡುತ್ತದೆ. ತಪ್ಪು ದಾರಿಯಲ್ಲಿ ಪ್ರತಿ ಕಿಂಡಿಯಲ್ಲೂ ತಡೆದು, ಅಂಚು ಸಿಪ್ಪೆ ಏಳುತ್ತದೆ. ತಡೆದರೆ ಅಲ್ಲೇ ನಿಲ್ಲಿಸಿ, ಬಿಚ್ಚಿ, ದಿಕ್ಕು ಬದಲಿಸಿ. ಎರಡೂ ಓರೆ ಮುಗಿದಾಗ ಚೌಕ ಕಿಂಡಿಗಳು ಎಂಟು ಮೂಲೆಯವಾಗಿ, ಜೇನುಹುಟ್ಟಿನಂತೆ ಕಾಣುತ್ತವೆ. ಕೆಳಗಿನ ತುದಿಗಳನ್ನು ಪಕ್ಕದ ಕುಣಿಕೆಗೆ ಎರಡು ಸುತ್ತು ಹಾಕಿ ಗಂಟು ಬಿಗಿದು ಕತ್ತರಿಸಿ. ಕೊನೆಯದಾಗಿ ಅಗಲ ಬೆತ್ತವೊಂದನ್ನು ತೂತುಗಳ ಮೇಲೆ ಸುತ್ತಲೂ ಹಾಸಿ, ತೂತು ಬಿಟ್ಟು ತೂತಿಗೆ ತೆಳು ಎಳೆಯಿಂದ ಹೊಲಿದರೆ ಅಂಚು ಮುಚ್ಚಿಹೋಗುತ್ತದೆ. ಕೈ ಪಳಗದವರಿಗೆ ಇದು ಹಲವು ದಿನಗಳ ಬಿಡುವಿನ ಕೆಲಸ. ಒಣಗಿದ ಮೇಲೆ ಬೆತ್ತ ಇನ್ನಷ್ಟು ಬಿಗಿಯುವುದರಿಂದ ಹೆಣೆಯುವಾಗ ಅತಿಯಾಗಿ ಎಳೆಯಬಾರದು.

ಇಷ್ಟು ತಾಳ್ಮೆ ಬೇಡವೆನಿಸಿದರೆ ಚೌಕಟ್ಟಿಗೆ ನವಾರು ಹೆಣೆಯಬಹುದು. ನವಾರು ಗಟ್ಟಿ, ಅಗ್ಗ, ತೊಳೆಯಬಹುದು, ಒಂದು ಸಂಜೆಯ ಕೆಲಸ. ಪ್ಲಾಸ್ಟಿಕ್ ವೈರೂ ಇದೆ. ಬಾಳಿಕೆ ಹೆಚ್ಚು, ಸೆಕೆಯಲ್ಲಿ ಬೆನ್ನಿಗೆ ಅಂಟುತ್ತದೆ. ಗಾಳಿಯಾಡುವ ಬೆತ್ತದ ಸುಖ ಬೇರೆಯೇ.

ಪಾಲಿಶಿಗೆ ಮುಂಚೆ ಒಂದು ಎಚ್ಚರ

ಹಳೇ ಸಾಮಾನಿಗೆ ಹಳೇ ಬಣ್ಣವಿದ್ದರೆ ಒಣಗಿದ್ದಾಗಲೇ ಉಜ್ಜಿ ಧೂಳೆಬ್ಬಿಸಬೇಡಿ. ಮನೆಗೆ ಬಳಸುವ ಬಣ್ಣದಲ್ಲಿ ಸೀಸದ ಪ್ರಮಾಣ 90 ಪಿಪಿಎಂ ಮೀರಬಾರದೆಂದು ನಮ್ಮಲ್ಲಿ 2016ರಲ್ಲಿ ನಿಯಮವಾಯಿತು, ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಎನಾಮಲ್ ಬಣ್ಣದಲ್ಲಿ, ಮುಖ್ಯವಾಗಿ ಹಳದಿ, ಕೆಂಪು, ಹಸಿರಿನಲ್ಲಿ ಸೀಸ ಹೆಚ್ಚಿರುವ ಸಾಧ್ಯತೆಯಿದೆ. ಆ ಧೂಳು ಮಕ್ಕಳ ಮೆದುಳಿಗೆ ಹಾನಿ. ನೀರು ಚಿಮುಕಿಸಿ ವಾಟರ್ ಪೇಪರಿನಿಂದ ಉಜ್ಜಿ, ಕೆಸರನ್ನು ಕಾಗದದಲ್ಲಿ ಒರೆಸಿ ಕಟ್ಟಿ ಎಸೆಯಿರಿ. ಅಥವಾ ಹಾರ್ಡ್‌ವೇರ್ ಅಂಗಡಿಯ ಪೇಂಟ್ ರಿಮೂವರ್ ಹಚ್ಚಿ, ಮೆತ್ತಗಾದ ಬಣ್ಣವನ್ನು ಕೆರೆದು ತೆಗೆಯಿರಿ. ಗರ್ಭಿಣಿಯರು, ಚಿಕ್ಕ ಮಕ್ಕಳು ಹತ್ತಿರ ಇರಬಾರದು.

ಬಣ್ಣವಿಲ್ಲದೆ ಬರೀ ಪಾಲಿಶ್ ಇದ್ದರೆ ಕೆಲಸ ಹಗುರ. ಕಾಣದ ಕಡೆ ಹತ್ತಿಗೆ ಸ್ಪಿರಿಟ್ ಮುಟ್ಟಿಸಿ ಒತ್ತಿ. ಮೇಲ್ಪದರ ಅಂಟಂಟಾದರೆ ಅದು ಅರಗಿನ ಪಾಲಿಶ್, ಬಡಗಿಗಳ ಬಾಯಲ್ಲಿ ಫ್ರೆಂಚ್ ಪಾಲಿಶ್. ಸ್ಪಿರಿಟಿಗೆ ಜಗ್ಗದಿದ್ದರೆ ಮೆಲಮೈನ್ ಅಥವಾ ಪಿಯು (ಪಾಲಿಯುರಿಥೇನ್) ಪಾಲಿಶ್ ಇರಬಹುದು. ಅರಗಿನ ಪಾಲಿಶ್ ಆಗಿದ್ದರೆ ಕೆರೆಯಲೇಬೇಕೆಂದಿಲ್ಲ. ಸಾಬೂನು ನೀರಿನ ಬಟ್ಟೆಯಿಂದ ಕೊಳೆ ತೆಗೆದು, ಒಣಗಿಸಿ, ಮೇಲೆ ಹೊಸ ಪದರ ಹಚ್ಚಬಹುದು. ಹೊಸ ಸ್ಪಿರಿಟ್ ಹಳೇ ಪದರವನ್ನು ತುಸು ಕರಗಿಸಿ ಎರಡೂ ಒಂದಾಗುತ್ತವೆ. ಮೆಲಮೈನ್, ಪಿಯುಗಳಲ್ಲಿ ಈ ಗುಣ ಇಷ್ಟು ಚೆನ್ನಾಗಿಲ್ಲ. ಚನ್ನಪಟ್ಟಣದ ಗೊಂಬೆಗಳ ಬಣ್ಣವೂ ಅರಗಿನದೇ. ಅಲ್ಲಿ ಹಾಲೆ ಮರದ ತುಂಡನ್ನು ಚಕ್ರಕ್ಕೆ ಸಿಕ್ಕಿಸಿ ತಿರುಗಿಸುತ್ತ, ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕುರ್ಚಿಯನ್ನು ಚಕ್ರಕ್ಕೆ ಸಿಕ್ಕಿಸಲಾಗದ ಕಾರಣ ನಾವು ಅದನ್ನು ಸ್ಪಿರಿಟಿನಲ್ಲಿ ಕರಗಿಸಿಕೊಳ್ಳುತ್ತೇವೆ.

ಬರಿಯ ಮರಕ್ಕೆ ಮೊದಲು ಉಪ್ಪುಕಾಗದ. ನಂಬರು ಏರಿದಷ್ಟೂ ನಯ. 80ರಿಂದ ಶುರುಮಾಡಿ 120, 180, ಕೊನೆಗೆ 220. ನಡುವಿನ ನಂಬರು ಹಾರಿಸಿದರೆ ಒರಟು ಕಾಗದದ ಗೀರುಗಳು ಪಾಲಿಶ್ ಬಿದ್ದ ಮೇಲೆ ಎದ್ದು ಕಾಣುತ್ತವೆ. ಎಳೆಯ ಉದ್ದಕ್ಕೆ ಮಾತ್ರ ಉಜ್ಜಿ, ಅಡ್ಡಕ್ಕೆ ಬೇಡ. ಕೆತ್ತನೆಯ ಅಂಚು, ಕೈ ಇಟ್ಟು ಇಟ್ಟು ಸವೆದ ತೋಳಿನ ತುದಿ ಇವನ್ನು ಹೊಸದರಂತೆ ಮಾಡಲು ಹೋಗಬೇಡಿ. ಆ ಸವೆತ ಮಾಡಲು ಒಂದು ತಲೆಮಾರು ಹಿಡಿದಿದೆ.

ಒಂದು ಲೀಟರ್ ಸ್ಪಿರಿಟಿಗೆ ಸುಮಾರು 150 ಗ್ರಾಂ ಅರಗಿನ ಚಕ್ಕೆ ಹಾಕಿ ಗಾಜಿನ ಸೀಸೆಯಲ್ಲಿ ರಾತ್ರಿಯಿಡೀ ಬಿಡಿ, ನಡುನಡುವೆ ಅಲುಗಿಸಿ. ಬೆಳಗ್ಗೆ ಹಳೇ ಪಂಚೆಯ ಬಟ್ಟೆಯಲ್ಲಿ ಸೋಸಿ. ಹತ್ತಿಯ ಉಂಡೆಯನ್ನು ನೂಲು ಬಟ್ಟೆಯಲ್ಲಿ ಕಟ್ಟಿ, ಒಳಗಿನ ಹತ್ತಿಗೆ ಪಾಲಿಶ್ ಕುಡಿಸಿ, ಹಿಂಡಿದಂತೆ ಮಾಡಿ, ಎಳೆಯ ಉದ್ದಕ್ಕೂ ಒಂದೇ ಎಳೆತದಲ್ಲಿ ಬಳಿಯಿರಿ. ಬಳಿದ ಜಾಗಕ್ಕೆ ತಕ್ಷಣ ಮತ್ತೆ ಕೈ ಹಾಕಬೇಡಿ, ಅಂಟಿಕೊಂಡು ಏಳುತ್ತದೆ. ತೆಳುವಾಗಿ ಹಲವು ಸಲ ಹಚ್ಚುವುದರಲ್ಲೇ ಇದರ ಹೊಳಪಿದೆ. ಮೂರು ನಾಲ್ಕು ಪದರಕ್ಕೊಮ್ಮೆ ಸವೆದ 220ರ ಕಾಗದದಿಂದ ಹಗುರವಾಗಿ ಉಜ್ಜಿ, ಧೂಳು ಒರೆಸಿ ಮುಂದುವರಿಸಿ. ಮಳೆ ಸುರಿಯುವ ದಿನ ಹಚ್ಚಿದರೆ ಗಾಳಿಯ ತೇವ ಸೇರಿ ಮೇಲೆ ಬೂದಿ ಬಣ್ಣದ ಮಬ್ಬು ಕಟ್ಟುತ್ತದೆ. ಒಣಹವೆಯ ದಿನ ಆರಿಸಿಕೊಳ್ಳಿ. ಸ್ಪಿರಿಟ್ ಆವಿಗೆ ಬೆಂಕಿ ಹತ್ತುವುದು ಬಹಳ ಬೇಗ, ಒಲೆ ದೀಪ ದೂರ. ಅರಗು ಬಿಸಿ ಪಾತ್ರೆಯನ್ನೂ ನಿಂತ ನೀರನ್ನೂ ತಾಳದು. ಹಾಗಾಗಿ ಕುರ್ಚಿ, ಕನ್ನಡಿ ಚೌಕಟ್ಟು, ಪುಸ್ತಕದ ಕಪಾಟಿಗೆ ಇದು ಸರಿ. ಊಟದ ಮೇಜಿಗೆ ಪಿಯು ಹಚ್ಚಿಸಿ. ಕೆಲವರು ಅಗಸೆ ಎಣ್ಣೆ ಬಳಸುತ್ತಾರೆ, ಮರಕ್ಕೆ ಒಳ್ಳೆಯದೇ. ಆದರೆ ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿ ಬಿಸಿಯೇರಿ ಹತ್ತಿಕೊಳ್ಳಬಲ್ಲದು. ಬಿಡಿಸಿ ಬಯಲಲ್ಲಿ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ಕುರ್ಚಿಯ ಆಚೆ

ಹಳೇ ಹೊಲಿಗೆ ಯಂತ್ರದ ಕಬ್ಬಿಣದ ಕಾಲು ಮೇಜಾಗಲು ಹೇಳಿ ಮಾಡಿಸಿದ್ದು. ಮೇಲೆ ಗ್ರಾನೈಟ್ ಅಂಗಡಿಯಲ್ಲಿ ಉಳಿದ ತುಂಡು ಕೂರಿಸಿದರೆ ಅಗ್ಗವಾಗಿ ಗಟ್ಟಿ ಮೇಜು ಸಿಗುತ್ತದೆ. 20 ಮಿ.ಮೀ. ದಪ್ಪದ ಗ್ರಾನೈಟ್ ಚದರ ಅಡಿಗೆ ಸುಮಾರು 5 ಕಿಲೋ ತೂಗುತ್ತದೆ. ಕಾಲು ಅಷ್ಟನ್ನು ತಡೆಯುತ್ತದೆ, ನಡುವೆ ರಬ್ಬರ್ ತುಂಡು ಇಟ್ಟು ಸಿಲಿಕೋನ್ ಹಾಕಿ. ಆ ಕಾಲು ಎರಕದ ಕಬ್ಬಿಣ. ಸುತ್ತಿಗೆಯ ಏಟಿಗೆ ಬಾಗುವುದಿಲ್ಲ, ಒಡೆಯುತ್ತದೆ; ತುಕ್ಕು ಹಿಡಿದ ನಟ್ಟಿಗೆ ಎಣ್ಣೆ ಬಿಟ್ಟು ಕಾಯಿರಿ. ಮಕ್ಕಳಿರುವ ಮನೆಯಲ್ಲಿ ಚಕ್ರವನ್ನು ತಂತಿಯಿಂದ ಕಟ್ಟಿಬಿಡಿ. ಮೇಲೆ ಮರದ ಹಲಗೆಯನ್ನೇ ಹಾಕುವುದಾದರೆ ಕಬ್ಬಿಣಕ್ಕೆ ಸ್ಕ್ರೂ ಬಿಗಿಯುವ ತೂತುಗಳನ್ನು ಹಲಗೆಯ ಅಗಲದ ದಿಕ್ಕಿಗೆ ತುಸು ಉದ್ದ ಮಾಡಿಸಿ, ಹಿಗ್ಗಲು ಜಾಗ ಸಿಗದಿದ್ದರೆ ಹಲಗೆ ಸೀಳುತ್ತದೆ.

ಟ್ರಂಕಿಗೆ ತಂತಿ ಬ್ರಷ್ಷು, 80ರ ಕಾಗದ, ಥಿನ್ನರ್ ಒರೆಸು, ರೆಡ್ ಆಕ್ಸೈಡ್ ಪ್ರೈಮರ್, ಮೇಲೆ ಎರಡು ಪದರ ಎನಾಮಲ್. ಮುಚ್ಚಳದ ಮೇಲೆ ಪ್ಲೈವುಡ್ ಹಲಗೆ ಹಾಕದೆ ಕೂತರೆ ತಗಡು ಬಗ್ಗುತ್ತದೆ. ತಾನಾಗಿ ಬೀಳುವ ಚಿಲಕವನ್ನು ತೆಗೆದುಹಾಕಿ, ಮಗು ಒಳಗಿಳಿದು ಮುಚ್ಚಿಕೊಂಡರೆ ಅಪಾಯ.

ಕಾರ್ಖಾನೆಗಳ ಹಿಂದೆ ಸಿಗುವ ಪ್ಯಾಲೆಟ್ ಹಲಗೆಗಳ ಮೇಲೆ ಗೋಧಿ ತೆನೆಯ ಗುರುತಿನ ಮುದ್ರೆ ಇದ್ದರೆ ಪಕ್ಕದ ಅಕ್ಷರ ಓದಿ. ವಿದೇಶಕ್ಕೆ ಸಾಗುವ ಮರದಲ್ಲಿ ಕೀಟ ಇರಬಾರದೆಂಬ ಅಂತರರಾಷ್ಟ್ರೀಯ ನಿಯಮದ ಗುರುತು ಅದು. ಎಚ್‌ಟಿ ಎಂದಿದ್ದರೆ ಮರದ ಒಳತಿರುಳು 56 ಡಿಗ್ರಿ ಸೆಲ್ಸಿಯಸ್ ತಲುಪಿ 30 ನಿಮಿಷ ಕಾದಿದೆ, ಬಳಸಬಹುದು. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಹಾಕಿದ್ದು, ಮನೆಯೊಳಗೆ ಬೇಡ. ಎಣ್ಣೆ, ರಾಸಾಯನಿಕ ಚೆಲ್ಲಿದ ಕಲೆ ಇರುವುದೂ ಬೇಡ.

ಇನ್ನು ಬಟ್ಟೆ. ಮನೆ ಅಲಂಕಾರಕ್ಕೆ ಕೌದಿಯಷ್ಟು ಚೆಲುವಾದ, ಅಗ್ಗದ ವಸ್ತು ನನಗೆ ಬೇರೆ ಗೊತ್ತಿಲ್ಲ. ಹಳೇ ಸೀರೆ, ಪಂಚೆಗಳೇ ಇದರ ಬಂಡವಾಳ. ನೂಲಿನ ಬಟ್ಟೆಯನ್ನೇ ಆರಿಸಿ. ನೂಲಿನ ಪಕ್ಕ ಪಾಲಿಯೆಸ್ಟರ್ ಹೊಲಿದರೆ ಒಗೆದಾಗ ಒಂದು ಕುಗ್ಗಿ ಇನ್ನೊಂದು ಮುದುಡುತ್ತದೆ. ಎಲ್ಲವನ್ನೂ ಮೊದಲೇ ಬಿಸಿ ನೀರಲ್ಲಿ ಒಗೆದು ಬಣ್ಣ ಬಿಡುವುದನ್ನು ಬೇರೆ ಮಾಡಿ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಮಹಿಳೆಯರ ವಿಧಾನ ಕಲಿಯುವವರಿಗೆ ಅನುಕೂಲ. ಅಡಿಗೆ ಒಂದು ಸೀರೆ ಹಾಸಿ, ಒಂದು ಮೂಲೆಯಿಂದ ತೇಪೆ ಇಡುತ್ತ, ಅಂಚು ಒಳಕ್ಕೆ ಮಡಚಿ ಸಾದಾ ಹೊಲಿಗೆ ಹಾಕುತ್ತ ಅಂಚಿನುದ್ದಕ್ಕೂ ಸುತ್ತು ಬರುತ್ತಾರೆ. ಒಂದು ಸುತ್ತು ಮುಗಿದರೆ ಅದರ ಒಳಗೆ ಇನ್ನೊಂದು, ಹೀಗೆ ನಡುವಿನವರೆಗೆ. ತೇಪೆಗಳನ್ನು ಮೊದಲೇ ಜೋಡಿಸದೆ ಹೊಲಿಯುತ್ತ ಇಡುವುದರಿಂದ ಬಟ್ಟೆ ಎಲ್ಲೂ ಉಬ್ಬಿ ನಿಲ್ಲುವುದಿಲ್ಲ, ಚೌಕಟ್ಟೂ ಬೇಕಿಲ್ಲ, ನೆಲವೇ ಸಾಕು. ಕೊನೆಗೆ ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಮುಕ್ಕೋಣದ ಹೂವು ಹೊಲಿಯುತ್ತಾರೆ. ಅದಿಲ್ಲದೆ ಕೌದಿ ಪೂರ್ತಿಯಾಯಿತೆಂದು ಅವರು ಒಪ್ಪುವುದಿಲ್ಲ. ದಬ್ಬಳ ಮತ್ತು ದಪ್ಪ ನೂಲಿನ ದಾರ ಇದ್ದರೆ ಆಯಿತು. ಮೊದಲು ಟ್ರಂಕಿನ ಮೇಲೆ ಹಾಸುವಷ್ಟು ಚಿಕ್ಕದನ್ನು ಹೊಲಿದು ನೋಡಿ. ಮಂಚದಗಲ ಕೌದಿ ಬೇಕಾದರೆ ಹೊಲಿಯಬಲ್ಲವರಿಗೇ ನಿಮ್ಮ ಮನೆಯ ಸೀರೆ ಕೊಟ್ಟು ಹೊಲಿಸಿ, ಅವರ ದಿನಗೂಲಿಯ ಲೆಕ್ಕ ಹಾಕಿ ಕೂಲಿ ಕೊಡಿ. ಅದರಲ್ಲಿ ಚೌಕಾಸಿ ಮಾಡಬಾರದು.

ಗೋಡೆಗೆ ತೂಗುಹಾಕುವುದಾದರೆ ಮೂಲೆಗೆ ಮೊಳೆ ಹೊಡೆಯಬೇಡಿ, ಭಾರಕ್ಕೆ ಬಟ್ಟೆ ಹರಿಯುತ್ತದೆ. ಹಿಂಬದಿಯ ಮೇಲಂಚಿಗೆ ಅಂಗೈ ಅಗಲದ ಬಟ್ಟೆಯ ಪಟ್ಟಿಯನ್ನು ಕೊಳವೆಯಂತೆ ಹೊಲಿದು, ಒಳಗೆ ಬಿದಿರಿನ ಗಳ ತೂರಿಸಿ, ಗಳದ ಎರಡು ತುದಿಗೆ ದಾರ ಕಟ್ಟಿ. ನೇರ ಬಿಸಿಲು ಬೀಳುವ ಗೋಡೆ ಬೇಡ, ಬಣ್ಣ ಬೇಗ ಮಾಸುತ್ತದೆ. ಕರಟ ಅಥವಾ ಅಡಿಕೆ ಹಾಳೆಯ ದೀಪದ ಮರೆಯನ್ನು ಕೌದಿಯ ಪಕ್ಕದಲ್ಲಿ ಇಡುವುದಿದ್ದರೆ ಒಳಗೆ ಎಲ್‌ಇಡಿ ಬಲ್ಬು ಮಾತ್ರ ಹಾಕಿ. ಹಳೇ ತಂತಿ ಬಲ್ಬಿನ ಕಾವಿಗೆ ಹಾಳೆ ಮೊದಲು ಕಂದುತ್ತದೆ, ಆಮೇಲೆ ಸುಡುತ್ತದೆ.